ಸಂಘಕ್ಕೆ ಸೇರಲು ಬಂದವರು

ಸಹಕಾರ ಸಂಘದ ಗುಮಾಸ್ತನ ಮೇಜಿನ ಮುಂದೆ ನಗುವಿಗೆ ಎಂದೂ ಬರವಿರಲಿಲ್ಲ. ಸದಸ್ಯರಾಗಲು ಬಂದವರ ಅರ್ಜಿ ಬರೆಯುವುದು ನನ್ನ ಕೆಲಸ. ಆಗ ಹೊಟ್ಟೆ ತುಂಬ ನಕ್ಕಿದ್ದೇನೆ. ಈಗ ನೆನೆದರೆ ನನ್ನ ಮೇಲೇ ಬೇಸರವಾಗುತ್ತದೆ.

೧. ವಯಸ್ಸು

ಚನ್ನಗಿರಿಯಲ್ಲಿದ್ದಾಗ ಸೂಳೆಕೆರೆ ಕಡೆಯ ರೈತರೊಬ್ಬರು ಬಂದರು. ವಯಸ್ಸೆಷ್ಟು ಎಂದೆ.

"ಅರವತ್ತರ ಮೇಲಾಗೈತೆ. ಮುದುಕ ಅಂತ ಬ್ಯಾಡ ಅಂದಾರು, ನಲವತ್ತು ಅಂತ ಬರಕಳ್ರಿ."

ಪಾಪ ಎಂದು ಹಾಗೇ ಬರೆದೆ. ಮಾರನೇ ದಿನ ಅವರ ಮಗ ಬಂದು ತನ್ನ ನಿಜವಾದ ವಯಸ್ಸು ಬರೆಸಿ ಹೋದ. ಎರಡೂ ಅರ್ಜಿ ಒಟ್ಟಿಗೇ ಅಧ್ಯಕ್ಷರ ಮುಂದೆ ಹೋದವು. ಗೊತ್ತಿದ್ದೂ ಅಪ್ಪನ ವಯಸ್ಸು ಇಳಿಸಿ ಬರೆದವನು ನಾನೇ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಎರಡೂ ವಾಪಸಾದವು, ಅಪ್ಪ ಮಗ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಅಧ್ಯಕ್ಷರು ಅಂದು ಕನ್ನಡಕ ಒರೆಸಿಕೊಂಡು ಕೇಳಿದ್ದಿಷ್ಟೇ: "ಅಲ್ಲಯ್ಯಾ, ಅಪ್ಪನಿಗಿಂತ ಮಗ ಎರಡು ವರ್ಷಕ್ಕೆ ದೊಡ್ಡೋನಾ?"

೨. ವಾರಸುದಾರ

ಆಮೇಲೆ ಹೊನ್ನಾಳಿಯ ಸಂಘಕ್ಕೆ ಸೇರಿದೆ. ನ್ಯಾಮತಿಯ ಬೆಲ್ಲದ ವ್ಯಾಪಾರಿಯೊಬ್ಬರು ಹೆಂಡತಿಯ ಜೊತೆ ಬಂದಿದ್ದರು.

"ನಿಮ್ಮ ನಂತರ ಷೇರು ಯಾರಿಗೆ?" ಎಂದು ಕೇಳಿದೆ.

"ನನ್ನ ನಂತರ ಅಂದ್ರೆ?"

"ನೀವು ತೀರಿಕೊಂಡ ಮೇಲೆ."

ಅವರು ಎದ್ದೇಬಿಟ್ಟರು. "ಯಾಪಾರ ಮಾಡಾಕೆ ಬಂದ್ರೆ ಸಾಯೋ ಮಾತಾಡ್ತೀರಲ್ಲ."

ಹೆಂಡತಿ ಮಾತ್ರ ಏಳಲಿಲ್ಲ. "ನನ್ನ ಹೆಸರು ಬರಕಳ್ರಿ. ವಾರಸುದಾರರು ಇವರೇ. ನಾನು ಸಾಯಾಕೆ ಇವರದೇನೂ ತಕರಾರಿಲ್ಲ."

೩. ಶಿಫಾರಸು

ಅಲ್ಲೇ ಪಾತ್ರೆಗಳಿಗೆ ಕಲಾಯಿ ಹಾಕುವ ಸಾಹೇಬರೊಬ್ಬರಿದ್ದರು. ಯುದ್ಧದ ಕಾಲ. ಕಲಾಯಿಗೆ ಬೇಕಾದ ತವರ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಸಂಘದ ಸದಸ್ಯರಿಗಷ್ಟೇ ಚೂರುಪಾರು ಬರುತ್ತಿತ್ತು. ಅವರ ಕುಲುಮೆ ಆರಿ ತಿಂಗಳಾಗಿತ್ತು. ಅರ್ಜಿಗೆ ಇಬ್ಬರು ಸದಸ್ಯರ ಸಹಿ ಬೇಕೆಂದೆ. ಸಂಜೆಯೊಳಗೆ ಹದಿನಾರು ಸಹಿ ತಂದರು.

ಅಲ್ಲಿನ ಅಧ್ಯಕ್ಷರು ಒಪ್ಪಲಿಲ್ಲ. "ನಿಯಮದಾಗೆ ಇಬ್ಬರು ಅಂತೈತೆ. ಹೆಚ್ಚಿನವು ಹೊಡೆದು ಹಾಕ್ಲಿ."

ಸಾಹೇಬರು ಒಂದೊಂದು ಸಹಿಯ ಮೇಲೂ ಬೆರಳಿಟ್ಟು ನೋಡಿದರು. "ಒಬ್ಬೊಬ್ಬರೂ ಕರೆದು ಕೂರ್ಸಿ, ಚಾ ಕೊಟ್ಟು ಸಹಿ ಹಾಕ್ಯಾರೆ ಸ್ವಾಮಿ. ಇದ್ರಾಗೆ ಯಾರನ್ನ ತೆಗೀಲಿ?"

"ಯಾರನ್ನಾದರೂ ತೆಗೀರಿ" ಎಂದೆ.

ನನ್ನ ಲೇಖನಿ ಇಸಿದುಕೊಂಡು ಮೆಲ್ಲಗೆ ಒಂದು ಗೆರೆ ಎಳೆದರು. ಕಾಗದ ಮುಂದಿಟ್ಟು, ಸಲಾಂ ಹೇಳಿ ಹೊರಟುಹೋದರು. ನೋಡಿದರೆ ಹದಿನಾರೂ ಸಹಿ ಹಾಗೇ ಇದ್ದವು. ಹೊಡೆದದ್ದು ತಮ್ಮ ಹೆಸರನ್ನು.

ಕಚೇರಿಯೆಲ್ಲ ನಕ್ಕಿತು, ನಾನೂ ನಕ್ಕೆ. ಹೊಸ ಅರ್ಜಿ ಬರೆದು ಇಬ್ಬರದೇ ಸಹಿ ಹಾಕಿಸಿದ್ದರೆ ಸಾಕಿತ್ತು; ಕೈಚಾಚಿದರೆ ಸಿಗುವಲ್ಲಿ ಖಾಲಿ ಅರ್ಜಿಗಳ ಕಟ್ಟೇ ಇತ್ತು.