ಮೆತ್ತನೆಯ ಗೇರು

ಕಾರಿಗೆ ನಾಲ್ಕು ಲಕ್ಷ ಹತ್ತು ಸಾವಿರ, ಅದೂ ಮೂರನೆಯ ಕೈಯಿಂದ. ಟೈರು ನಾಲ್ಕಕ್ಕೆ ಹದಿನೆಂಟು ಸಾವಿರ. ಮುಂದಿನ ಗಾಜಿನ ಮೇಲೆ ‘ಸರ್ಕಾರಿ ಕೆಲಸದ ಮೇಲೆ’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದಕ್ಕೆ ನೂರಿಪ್ಪತ್ತು. ಗೇರಿಗೆ ಬುದ್ಧಿ ಹೇಳುವ ಡಬ್ಬಿಗೆ ಹದಿನಾಲ್ಕು ಸಾವಿರ. ಸಾಹೇಬರು ಕೆಳಗೆ ಹಾಕಿಕೊಂಡು ಕೂಡುವ ರಬ್ಬರ್ ಉಂಗುರಕ್ಕೆ ಮುನ್ನೂರೈವತ್ತು. ಇದೊಂದು ಮಾತ್ರ ಸಾಹೇಬರ ಸ್ವಂತ ಖರ್ಚು, ಉಳಿದದ್ದೆಲ್ಲ ಖಂಡಪ್ಪನದು.

ಖಂಡಪ್ಪ ಶಹಾಪುರದವನು. ಕಾಲುವೆ ಕಚೇರಿಗೆ ತಿಂಗಳ ಬಾಡಿಗೆಯ ಮೇಲೆ ಕಾರು ಬಿಟ್ಟು, ತಾನೇ ಓಡಿಸುತ್ತಿದ್ದ. ಲಾರಿಯಿಂದ ಬಿದ್ದ ಮೇಲೆ ಅವನ ಎಡ ಮೊಣಕಾಲು ಮಡಚುತ್ತಿರಲಿಲ್ಲ. ಕ್ಲಚ್ ತುಳಿಯುವ ಗಾಡಿ ಅವನಿಗೆ ಇನ್ನು ಆಗದು. ತಾನೇ ಗೇರು ಬದಲಿಸಿಕೊಳ್ಳುವ ಈ ಕಾರೊಂದೇ ಅವನ ಅನ್ನ. ಆದರೆ ಅನ್ನದಲ್ಲಿ ಒಂದು ಕಲ್ಲಿತ್ತು. ಎರಡರಿಂದ ಮೂರನೆಯ ಗೇರಿಗೆ ಹೋಗುವಾಗ ಕಾರು, ಕರು ಕೆಚ್ಚಲಿಗೆ ಗುದ್ದಿದ ಹಾಗೆ, ಹಿಂದಿನಿಂದ ಒಂದು ಗುದ್ದು ಕೊಡುತ್ತಿತ್ತು.

ಮೊದಮೊದಲು ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹದಿನೈದು ದಿನದ ಹಿಂದೆ, ಆ ಕಚೇರಿಗೆ ದೊಡ್ಡವರಾದ ಭಗವಂತರಾಯ ಸಾಹೇಬರು ಕಲಬುರ್ಗಿಯಲ್ಲಿ ಒಂದು ಆಪರೇಷನ್ ಮಾಡಿಸಿಕೊಂಡು ಬಂದರು. ಎಲ್ಲಿಗೆ ಆಪರೇಷನ್ ಆಯಿತೆಂದು ಕಚೇರಿಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ರಬ್ಬರ್ ಉಂಗುರ ನೋಡಿ ಎಲ್ಲರಿಗೂ ತಿಳಿಯಿತು. ಅಂದಿನಿಂದ ಗೇರು ಗುದ್ದಿದಾಗಲೆಲ್ಲ ಹಿಂದಿನ ಸೀಟಿನಿಂದ ಕಾದ ಹಂಚಿಗೆ ನೀರು ಬಿದ್ದಂಥ ‘ಸ್ಸ್’ ಎಂಬ ಸದ್ದು. ಆ ಸದ್ದು ಕೇಳಿದೊಡನೆ ಖಂಡಪ್ಪ ಕನ್ನಡಿಯಲ್ಲಿ ಸಾಹೇಬರ ಮುಖ ನೋಡುತ್ತಿದ್ದ.

ಸೋಮವಾರ ಸಂಜೆ ಸಾಹೇಬರು ಕಾರಿನಿಂದ ಇಳಿದು, ತಿರುಗಿಯೂ ನೋಡದೆ ಹೇಳಿದರು: “ಖಂಡಪ್ಪ, ನಾಳಿ ಇನ್ನೊಂದು ಗುದ್ದು ಬಿತ್ತಂದ್ರ, ನಾಡಿದ್ದಿನಿಂದ ಅಂಬ್ರಪ್ಪನ ಗಾಡಿ.”

ಅಂಬ್ರಪ್ಪ ಕಚೇರಿಯೆದುರು ಬೇವಿನ ಗಿಡದ ಕೆಳಗೆ ತನ್ನ ಹೊಸ ಕಾರು ನಿಲ್ಲಿಸಿ, ಒಂದು ತಿಂಗಳಿಂದ ದಿನಕ್ಕೆರಡು ಸಲ ತೊಳೆಯುತ್ತಿದ್ದ. ಸತ್ತವರ ಮನೆಯೆದುರು ಬಿದಿರು ಹಿಡಿದು ಕುಳಿತವನ ತಾಳ್ಮೆ ಅವನದು.

ಖಂಡಪ್ಪ ನೇರವಾಗಿ ಮೆಕ್ಯಾನಿಕ್ ವಹಾಬನ ಶೆಡ್ಡಿಗೆ ಹೋದ. ಹೈದರಾಬಾದಿನಿಂದ ತಂದಿದ್ದ ಬೆಂಕಿಪೊಟ್ಟಣದಷ್ಟು ಕರಿ ಡಬ್ಬಿಯನ್ನು ವಹಾಬ ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದ. ಅದಕ್ಕೆ ಒಂದರಿಂದ ಐದರವರೆಗೆ ನಂಬರು. ಈ ಗಾಡಿಯಲ್ಲಿ ಗೇರು ಹಾಕುವುದು ಎಣ್ಣೆಯ ಒತ್ತಡ, ಆ ಒತ್ತಡ ಹೆಚ್ಚು ಕಡಿಮೆ ಮಾಡುವುದು ಈ ಡಬ್ಬಿ ಎಂದು ವಿವರಿಸಿದ. ಐದಕ್ಕೆ ಇಟ್ಟರೆ ಗೇರು ಬಡಿಗೆ ಹೊಡೆದಂತೆ ಬೀಳುತ್ತದೆ; ಕಂಪನಿ ಇಟ್ಟದ್ದು ಮೂರು; ಒಂದು ಎಂದರೆ ಮಲ್ಲಿಗೆ ಹೂವು.

“ಹಂಗಾರ ಒಂದಕ್ಕ ಇಡು,” ಎಂದ ಖಂಡಪ್ಪ.

“ಎರಡಕ್ಕ ಇಡ್ತೀನಿ. ಒಂದಕ್ಕ ಇಟ್ಟು ದಿನಪೂರ್ತಿ ಓಡಿಸಬ್ಯಾಡ. ಎಣ್ಣಿ ಜೋರು ಸಾಲಂಗಿಲ್ಲ, ಒಳಗ ಪ್ಲೇಟು ಜಾರಿ ಜಾರಿ ಕಾಯ್ತಾವ. ನಿಮ್ಮ ಕಾಲವಿ ಇದ್ದಂಗಪಾ. ಗೇಟ್ ಜರಾ ಎತ್ತಿದ್ರ ಮುಂದಿನ ಹೊಲಕ್ಕ ನೀರು, ಕೊನಿ ಹೊಲಕ್ಕ ಗಾಳಿ.”

ಕಾಲುವೆಯ ಮಾತು ಖಂಡಪ್ಪನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊನೆಯ ಹೊಲದವರು ಕಚೇರಿಗೆ ಬಂದಾಗಲೆಲ್ಲ ಸಾಹೇಬರು ಅವರೆದುರೇ ಗೇಟಿನ ಈಶಪ್ಪನಿಗೆ ಫೋನು ಮಾಡುವುದನ್ನು ಅವನು ನೋಡಿದ್ದ. “ಈಶಪ್ಪನವರ, ಗೇಟ್ ಎತ್ತರಿ,” ಎಂದು ಬಹಳ ಮರ್ಯಾದೆಯಿಂದ ಹೇಳುವರು. ರೈತರು ಸಮಾಧಾನದಿಂದ ಹೋಗುವರು. ಆಚೆ ಈಶಪ್ಪ ಚಹಾ ಕುಡಿಯುವುದನ್ನು ಮುಂದುವರಿಸುವನು. ಇದು ಅವರಿಬ್ಬರ ಒಪ್ಪಂದ: ಮರ್ಯಾದೆಯ ಹುಕುಂ ರೈತರಿಗೆ, ಬೈಗುಳದ ಹುಕುಂ ಗೇಟಿಗೆ. ನಿಜವಾಗಿ ಗೇಟು ಎತ್ತಬೇಕಾದಾಗ ಸಾಹೇಬರು ಈಶಪ್ಪನನ್ನು ಹುಟ್ಟಿಸಿದವರಿಂದ ಬೈಯಲು ಶುರುಮಾಡುತ್ತಿದ್ದರು.

ಮಂಗಳವಾರ ಸುರಪುರದಲ್ಲಿ ಮೀಟಿಂಗು. ಖಂಡಪ್ಪ ಮನೆದೇವರಿಗೆ ಕೈಮುಗಿದು ಹೊರಟ. ಎರಡನೆಯ ಗೇರು ಬಂತು. ಉಸಿರು ಬಿಗಿಹಿಡಿದ. ಮೂರನೆಯದು ಬಿತ್ತು. ಗುದ್ದಲ್ಲ, ಗೆಳೆಯರು ಬೆನ್ನು ತಟ್ಟಿದಷ್ಟು. ಆದರೂ ಹಿಂದಿನಿಂದ ‘ಸ್’ ಎಂದಿತು. ನಿನ್ನೆಯ ಅರ್ಧ ಸದ್ದು. ಅರ್ಧ ಸದ್ದಿಗೆ ಅರ್ಧ ಕೆಲಸ ಹೋಗುತ್ತದೆಯೋ ಪೂರ್ತಿ ಹೋಗುತ್ತದೆಯೋ ತಿಳಿಯದೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ದಾರಿಯಲ್ಲಿ ಸಾಹೇಬರು ಚಹಾಕ್ಕೆ ಇಳಿದು ನಿಂತೇ ಕುಡಿಯುವಾಗ, ಖಂಡಪ್ಪ ಬಗ್ಗಿ ಡಬ್ಬಿಯನ್ನು ಒಂದಕ್ಕೆ ತಿರುಗಿಸಿದ.

ಆಮೇಲೆ ಕಾರು ಮಜ್ಜಿಗೆ ಸುರಿದಂತೆ ಹರಿಯಿತು. ಯಾವ ಗೇರು ಯಾವಾಗ ಬಿತ್ತೆಂದು ಗೇರಿಗೂ ಗೊತ್ತಾಗಿರಲಿಕ್ಕಿಲ್ಲ. ಹದಿನೈದು ದಿನದಲ್ಲಿ ಮೊದಲ ಸಲ ಸಾಹೇಬರು ಗೊರಕೆ ಹೊಡೆದರು. ಆ ಗೊರಕೆ ಕೇಳುತ್ತ ಖಂಡಪ್ಪನ ಕಣ್ಣಲ್ಲಿ ನೀರು ಬಂತು. ಅವನ ಸುಖ ಸುಮಾರು ಮೂರು ಕಿಲೋಮೀಟರು ಬಾಳಿತು. ಆಮೇಲೆ ಒಂದು ವಾಸನೆ ಬರತೊಡಗಿತು.

ಸಾಹೇಬರು ಕಣ್ಣು ಮುಚ್ಚಿಕೊಂಡೇ, “ಯಾರ ಮನ್ಯಾಗೋ ಒಗ್ಗರಣಿ ಸೀದದ,” ಎಂದರು.

“ಹೌದ್ರಿ ಸಾಹೇಬ್ರ,” ಎಂದ ಖಂಡಪ್ಪ. ಸುತ್ತ ಎರಡು ಮೈಲು ಬರೀ ಹತ್ತಿ ಹೊಲ, ಮನೆ ಒಂದೂ ಇರಲಿಲ್ಲ.

ಮೀಟಿಂಗು ಮುಗಿಯುವವರೆಗೆ ಕಾರು ನೆರಳಲ್ಲಿ ನಿಂತು ತಣ್ಣಗಾಯಿತು. ವಾಸನೆ ಹೋಯಿತು. ಡಬ್ಬಿಯನ್ನು ಎರಡಕ್ಕೆ ತರಬೇಕೆಂದು ಖಂಡಪ್ಪ ಮೂರು ಸಲ ಕೈ ಚಾಚಿ, ‘ಸ್’ ನೆನಪಾಗಿ ಮೂರು ಸಲವೂ ಹಿಂದಕ್ಕೆ ತೆಗೆದ. ಬೇರೆ ಯಾವ ದಿನವಾದರೂ ಅದು ನಡೆದುಹೋಗುತ್ತಿತ್ತೇನೋ. ಆದರೆ ಅಂದು ತಿಂಗಳ ಕೊನೆ. ಕಾಲುವೆಯ ಕೊನೆಯ ತುದಿ ನೋಡಿ ಬಂದೆವೆಂದು ಕಚೇರಿ ಪ್ರತಿ ತಿಂಗಳೂ ಒಂದು ಫೋಟೋ ಕಳಿಸಬೇಕು. ಅದಕ್ಕಾಗಿ ಸಾಹೇಬರು ವನದುರ್ಗದ ಆಚೆಯ ಜಾಲಿಹಾಳದ ಮೇಲೆ ಹಾಯ್ದು ಹೋಗುವರು. ಗಾಜು ಇಳಿಸಿ, ಕಾರು ಓಡುತ್ತಿದ್ದಂತೆಯೇ ಸೇತುವೆಯ ಮೇಲೆ ಒಂದು ಫೋಟೋ ಹೊಡೆಯುವರು. ಹೋದ ತಿಂಗಳಿನದರಲ್ಲಿ ಕಾಲುವೆಗಿಂತ ಎಮ್ಮೆ ಹೆಚ್ಚು ಬಂದಿತ್ತು.

ಊರು ಹತ್ತಿರವಾದಾಗ ಸಾಹೇಬರು ಗಾಜು ಇಳಿಸಿ, “ನಿಲ್ಲಿಸಬ್ಯಾಡ. ಏನಾದ್ರೂ ನಿಲ್ಲಿಸಬ್ಯಾಡ,” ಎಂದರು.

ನಿಲ್ಲಿಸಬಾರದ್ದಕ್ಕೆ ಕಾರಣವಿತ್ತು. ಜಾಲಿಹಾಳದ ಕಾಲುವೆಗೆ ನೀರು ಬಂದು ಹನ್ನೊಂದು ವರ್ಷವಾಗಿತ್ತು. ಊರವರು ಅದರಲ್ಲಿ ಮೇವು ಒಟ್ಟಿದ್ದರು, ಆಡಿನ ಹಟ್ಟಿ ಹಾಕಿದ್ದರು, ಒಂದು ಕಡೆ ಕ್ರಿಕೆಟ್ಟಿಗೆ ಗೂಟ ಹುಗಿದಿದ್ದರು. ಸಾಹೇಬರನ್ನು ನಿಂತಲ್ಲಿ ನೋಡುವ ಆಸೆ ಆ ಊರಿಗೆ ಬಹಳ ದಿನದಿಂದ ಇತ್ತು. ಖಂಡಪ್ಪನಿಗೆ ಬೇರೊಂದು ಭಯವೂ ಇತ್ತು. ಅದು ಅವನ ಹೆಂಡತಿಯ ತವರೂರು. ಇದನ್ನು ಅವನು ಸಾಹೇಬರಿಗೆ ಹೇಳಿರಲಿಲ್ಲ.

ಕಾಲುವೆ ದಂಡೆಯ ಮರಳು ದಾರಿಯಲ್ಲಿ ವಾಸನೆ ಮತ್ತೆ ಎದ್ದಿತು. ಸೇತುವೆಯ ನಟ್ಟನಡುವೆ, ಸ್ಟಿಯರಿಂಗಿನ ಮುಂದೆ ಒಂದು ಕೆಂಪು ದೀಪ ಹತ್ತಿತು. ಖಂಡಪ್ಪ ಒತ್ತಿದಷ್ಟೂ ಎಂಜಿನ್ ಅರಚಿತು, ಕಾರು ಮಾತ್ರ ನೊಗ ಕಂಡ ಮುದಿ ಎತ್ತಿನಂತೆ ಕದಲಲಿಲ್ಲ.

ಮೊದಲು ಒಬ್ಬ ಬಂದ, ಆಮೇಲೆ ಹತ್ತು ಜನ, ಆಮೇಲೆ ಊರು. ಹಿರಿಯ ಮೌನಪ್ಪ, ಹೆಸರಿಗೆ ತಕ್ಕವನಲ್ಲ, ಮುಂದೆ ಬಂದು ಬಾಗಿಲು ತೆಗೆದು, ಸಾಹೇಬರು ಕೊನೆಗೂ ಇಳಿದು ನೋಡಲು ಬಂದದ್ದಕ್ಕೆ ಊರಿನ ಪರವಾಗಿ ಸಂತೋಷ ತಿಳಿಸಿದ. ಆ ಸಂತೋಷದಲ್ಲಿ ಒಬ್ಬರ ಮುಖದಲ್ಲೂ ನಗು ಇರಲಿಲ್ಲ. ಸಾಹೇಬರು ಇಳಿದರು. ಅಷ್ಟರಲ್ಲಿ ಗುಂಪು ಸೀಳಿಕೊಂಡು ಖಂಡಪ್ಪನ ಅತ್ತೆ ಹಣಮಂತಮ್ಮ ಬಂದಳು. ಕಾಲುವೆಯ ಕಟ್ಟಕಡೆಯ ಎರಡೆಕರೆ ತೊಗರಿ ಅವಳದು. ಹೂವಿಗೆ ಬಂದು ಬಾಡುತ್ತಿತ್ತು.

“ಅಳಿಯಾ, ಅಂತೂ ಕರಕೊಂಡು ಬಂದೆಲ್ಲೋ. ನೀ ಗಂಡಸಂದ್ರ ಗಂಡಸು,” ಎಂದು ಎಲ್ಲರೆದುರು ಅವನ ಗಲ್ಲ ಸವರಿ ನೆಟಿಗೆ ಮುರಿದಳು.

ಸಾಹೇಬರು ನಿಧಾನವಾಗಿ ತಿರುಗಿದರು. “ಇದು ನಿನ್ನ ಅತ್ತಿ ಊರೇನು?”

“ಹೌದ್ರಿ. ಇಲ್ರಿ. ಹೆಣ್ತಿ ಊರ್ರಿ,” ಎಂದ ಖಂಡಪ್ಪ.

ಹಿಂದೆ ಮೇವಿನ ಟ್ರ್ಯಾಕ್ಟರು ಬಂದು ಹಾರನ್ ಹೊಡೆಯಿತು. ಸೇತುವೆಗೆ ಅಡ್ಡ ನಿಂತ ಕಾರನ್ನು ಹತ್ತು ಮಂದಿ ಕೈಹಚ್ಚಿ ತಳ್ಳಿಕೊಂಡು, ಆಡಿನ ದಾರಿಯಿಂದ ಕಾಲುವೆಯೊಳಗೆ ಇಳಿಸಿ, ಸೇತುವೆಯ ಕೆಳಗೆ ನಿಲ್ಲಿಸಿದರು. ಊರಿನಲ್ಲಿ ಅದಕ್ಕಿಂತ ತಂಪು ನೆರಳಿರಲಿಲ್ಲ. ಖಂಡಪ್ಪ ಅಲ್ಲಿಂದಲೇ ವಹಾಬನಿಗೆ ಫೋನು ಹಚ್ಚಿದ. ವಹಾಬ ಮೊದಲು ಬೈದು, ಆಮೇಲೆ ಧೈರ್ಯ ಹೇಳಿದ.

“ಏನೂ ಸುಟ್ಟಿಲ್ಲ, ಪ್ಲೇಟು ಕಾದಾವ ಅಷ್ಟ. ಡಬ್ಬಿ ಮೂರಕ್ಕ ಇಡು. ಒಂದೂವರಿ ತಾಸು ಗಾಡಿ ಮುಟ್ಟಬ್ಯಾಡ. ತಣ್ಣಗಾದ್ರ ತಾನ ಹೊಂಟತದ.”

ಖಂಡಪ್ಪನಿಗೆ ಹೋದ ಜೀವ ಬಂತು. ಡಬ್ಬಿ ಮೂರಕ್ಕೆ ತಿರುಗಿಸಿ, ಕೀಲಿ ಕಿಸೆಗೆ ಹಾಕಿಕೊಂಡು ಮೇಲೆ ಬಂದಾಗ, ಊರವರು ಸಾಹೇಬರಿಗೆ ಉಪಚಾರ ಮಾಡುತ್ತಿದ್ದರು. ಸಾಹೇಬರು ನಿಂತೇ ಇರುತ್ತೇನೆಂದರು. ಬಂದವರನ್ನು ನಿಲ್ಲಿಸಿ ಮಾತಾಡುವ ಪದ್ಧತಿ ತಮ್ಮಲ್ಲಿಲ್ಲ ಎಂದು ಮೌನಪ್ಪ ಹೇಳಿದ. ಇಬ್ಬರು ಎರಡು ಹೆಗಲು ಹಿಡಿದು, ಬಹಳ ಪ್ರೀತಿಯಿಂದ, ಕಟ್ಟೆಯ ಒರಟು ಕಲ್ಲಿನ ಮೇಲೆ ಅವರನ್ನು ಕೂಡಿಸಿದರು. ರಬ್ಬರ್ ಉಂಗುರ ಕಾರಿನಲ್ಲೇ ಉಳಿದಿತ್ತು. ಸಾಹೇಬರ ಕಣ್ಣುಗಳು ಖಂಡಪ್ಪನನ್ನು ಹುಡುಕಿ ಬಂದವು. ಆ ನೋಟವನ್ನು ತಡೆಯಲಾರದೆ, ಅತ್ತೆ ಊಟಕ್ಕೆ ಕೈ ಹಿಡಿದೆಳೆದಾಗ ಅವನು ಬೇಡವೆನ್ನಲಿಲ್ಲ.

ಹಣಮಂತಮ್ಮ ಬಿಸಿ ರೊಟ್ಟಿ ಬಡಿಯುತ್ತ, ಪುಂಡಿಪಲ್ಯ ಬಡಿಸುತ್ತ, ಊರಿನ ಪಾಲಿಗೆ ಅವನು ಎಂಥ ದೊಡ್ಡ ಕೆಲಸ ಮಾಡಿದನೆಂದು ಮತ್ತೆ ಮತ್ತೆ ಹೇಳಿದಳು. ನೆರೆಹೊರೆಯವರೆಲ್ಲ ಬಾಗಿಲಲ್ಲಿ ನಿಂತು ನೋಡಿ ಹೋದರು. ಖಂಡಪ್ಪ ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದ. ಇನ್ನು ಹತ್ತು ನಿಮಿಷ. ಕಾರು ಹೊರಡುತ್ತದೆ, ಸಾಹೇಬರನ್ನು ಶಹಾಪುರಕ್ಕೆ ಮುಟ್ಟಿಸುವುದು, ಕಾಲು ಹಿಡಿಯುವುದು. ಮೂರನೆಯ ರೊಟ್ಟಿ ಮುರಿಯುವಾಗ ಮೌನಪ್ಪ ನಗುತ್ತ ಒಳಗೆ ಬಂದ.

ಸಾಹೇಬರು ಹೋದರಂತೆ. ಅವರೇ ಫೋನು ಮಾಡಿ ಅಂಬ್ರಪ್ಪನ ಕಾರು ತರಿಸಿಕೊಂಡರಂತೆ. ಹಿಂದಿನ ಸೀಟಿನ ಮೇಲೆ ಕವುಚಿ ಮಲಗಿ ಹೋದರಂತೆ. ಖಂಡಪ್ಪನ ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. ಸಮಾಧಾನ ಮಾಡಲೆಂದು ಮೌನಪ್ಪ ಪಕ್ಕದಲ್ಲಿ ಕುಳಿತ.

“ಹೋಗ್ಲಿ ಬಿಡು ತಮ್ಮಾ. ಹೋಗೂಕಿಂತ ಮೊದಲ ಗೇಟಿಗಿ ಫೋನ್ ಭಿ ಮಾಡಿದ್ರು. ನೀರು ಬರಂಗಿಲ್ಲಂತ ನಮಗೂ ಗೊತ್ತದ. ಹನ್ನೊಂದು ವರ್ಷದಾಗ ಅಂಥಾ ಫೋನ್ ಎಷ್ಟ್ ಕೇಳೀವಿ. ಖರೆ, ಈ ಸಲ ಆ ಕಲ್ಲಿನ ಮ್ಯಾಲ ಕುಂತು ಬೈದ ಬೈಗುಳ ಮಾತ್ರ ನೋಡಪಾ, ಮೈ ಝುಂ ಅಂತು.”

ಖಂಡಪ್ಪ ತಲೆ ಎತ್ತಿದ. “ಈಶಪ್ಪನವರ ಅನ್ಲಿಲ್ಲೇನು?”

“ಎಲ್ಲೀ ಈಶಪ್ಪನವರ? ಅವನ ಮುತ್ಯಾನಿಂದ ಹಿಡದ್ರು.”

“ಎತ್ತರಿ ಅಂದ್ರೋ, ಎತ್ತಲೇ ಅಂದ್ರೋ?”

“ಎತ್ತಲೇ ಅಂದ್ರು. ಎತ್ತಲಿಲ್ಲಂದ್ರ ನಿನ್ನ ಅದರಾಗ ಹುಗೀತೀನಿ ಅಂದ್ರು. ಯಾಕ?”

“ಎಷ್ಟು ಹೊತ್ತಾತು?”

“ಒಂದು ತಾಸಿನ ಮ್ಯಾಲಾತು.”

ಗೇಟು ನಾಲ್ಕು ಕಿಲೋಮೀಟರು ದೂರದಲ್ಲಿತ್ತು. ಖಂಡಪ್ಪ ಕೈ ತೊಳೆಯದೆ ಎದ್ದ. ಮಡಚದ ಕಾಲನ್ನು ಕೋಲಿನಂತೆ ಬೀಸುತ್ತ ಓಡಿದ. ಹೊಟ್ಟೆ ಕೆಟ್ಟಿರಬೇಕೆಂದು ಹಿಂದಿನಿಂದ ಹಣಮಂತಮ್ಮ ಯಾರಿಗೋ ಹೇಳುತ್ತಿದ್ದಳು.

ಸೇತುವೆಗೆ ಐವತ್ತು ಹೆಜ್ಜೆ ಇರುವಾಗ ಸದ್ದು ಕೇಳಿತು, ಹೊಸ ಬಟ್ಟೆ ಹರಿದಂತೆ. ಕಾಲುವೆಯ ತಿರುವಿನಲ್ಲಿ ಆಡುಗಳು ಮೊದಲು ಕಾಣಿಸಿದವು, ಜೀವ ಬಿಟ್ಟು ಓಡುತ್ತಿದ್ದವು. ಅವುಗಳ ಹಿಂದೆ ಮೇವು, ಮೇವಿನ ಹಿಂದೆ ಕ್ರಿಕೆಟ್ ಗೂಟ, ಅದರ ಹಿಂದೆ ಎದೆಯೆತ್ತರದ ಕೆಂಪು ನೀರು. ಖಂಡಪ್ಪ ದಂಡೆಯ ಮೇಲಿಂದಲೇ ಕಿಸೆಯಲ್ಲಿನ ಕೀಲಿಯ ಗುಂಡಿ ಒತ್ತಿದ. ಯಾಕೆ ಒತ್ತಿದನೋ ಅವನಿಗೇ ತಿಳಿಯದು. ಸೇತುವೆಯ ಕೆಳಗೆ ಕಾರು ಎರಡು ಸಲ ಕಣ್ಣು ಮಿಟುಕಿಸಿ, ಕುಂಯ್ ಕುಂಯ್ ಎಂದು ವಿಧೇಯವಾಗಿ ಓಗೊಟ್ಟಿತು. ಅಷ್ಟರಲ್ಲಿ ನೀರು ಅದರ ಬಾಯಿಗೆ ಬಂತು.

ಊರು ಕುಣಿಯಿತು. ಮೌನಪ್ಪ ಧೋತರ ಸಮೇತ ಕಾಲುವೆಗೆ ಇಳಿದ. ಹೆಂಗಸರು ಅರಿಷಿಣ ಕುಂಕುಮ ತಂದರು. ಕಾರಿನ ಹಿಂದಿನ ಗಾಜು, ಫೋಟೋಕ್ಕೆಂದು ಸಾಹೇಬರು ಇಳಿಸಿದ್ದು, ಹಾಗೇ ತೆರೆದಿತ್ತು. ಅದರಿಂದ ಕೆಂಪು ರಬ್ಬರ್ ಉಂಗುರ ಮೆಲ್ಲಗೆ ತೇಲಿಕೊಂಡು ಹೊರಬಂದು, ಜನರ ನಡುವೆ ಹಾಯ್ದು, ಹಣಮಂತಮ್ಮನ ಹೊಲದ ಕಡೆ ಹೋಯಿತು. ನೀರಿನ ತಾಯಿ ಗಂಗವ್ವ ಏನನ್ನೋ ಕೊಟ್ಟು ಕಳಿಸಿದಳೆಂದು ಹಣಮಂತಮ್ಮ ಅದಕ್ಕೂ ಕುಂಕುಮ ಹಚ್ಚಿದಳು.

ಮರುದಿನ ಟ್ರ್ಯಾಕ್ಟರಿನಿಂದ ಕಾರನ್ನು ಎಳೆದರು. ವಹಾಬ ಬಂದು ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. ಎಂಜಿನ್ ತುಂಬ ಕೆಸರು, ವೈರು ಒಂದೂ ಉಳಿದಿಲ್ಲ, ಗುಜರಿಗೆ ಬಿಟ್ಟು ಬೇರೆ ದಾರಿಯಿಲ್ಲ ಎಂದ. ಗೇರಿನದು ಏನೆಂದು ಖಂಡಪ್ಪ ಕೇಳಿದ.

“ಗೇರು ಬರೋಬ್ಬರಿ ಅದ,” ಎಂದ ವಹಾಬ. “ತಣ್ಣಗಾಗ್ಯಾದ.”

ಜಾಲಿಹಾಳದ ನೂರಾ ನಲವತ್ತು ಎಕರೆಗೆ ಹನ್ನೊಂದು ವರ್ಷದ ಮೇಲೆ ಒಂದು ನೀರು ಸಿಕ್ಕಿತು. ಹಣಮಂತಮ್ಮನ ತೊಗರಿ ಉಳಿಯಿತು. ಅಂಬ್ರಪ್ಪನಿಗೆ ಕಚೇರಿಯ ಬಾಡಿಗೆ ಸಿಕ್ಕಿತು. ಸಾಹೇಬರಿಗೆ ಅವರ ಉಂಗುರ ಸಿಕ್ಕಿತು. ಕುಂಕುಮ ತೊಳೆದು, ಒಣಗಿಸಿ, ಅಂಬ್ರಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟು ಬಂದವನು ಖಂಡಪ್ಪನೇ. ಅವನ ಕಾರು ಹೋಯಿತು, ಕೆಲಸ ಹೋಯಿತು. ಡಬ್ಬಿ ಮೂರರಲ್ಲೇ ಇತ್ತು.