ಏರಿಳಿಯಪ್ಪನ ಮನಶ್ಶಾಂತಿ

ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ, ಎರಡನೇ ಮಹಡಿ ದಾಟುವಾಗ, ಲಿಫ್ಟು ಒಮ್ಮೆ ಕೆಮ್ಮಿತು. 'ಟಕ್' ಎಂಬ ಸಣ್ಣ ಸದ್ದು, ಅಷ್ಟೆ. ಒಳಗಿದ್ದ ಐವರಲ್ಲಿ ನಾಲ್ವರಿಗೆ ಅದು ಕೇಳಿಸಲೇ ಇಲ್ಲ. ಐದನೆಯವನು ಗುಂಡಿಗಳ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಲಿಫ್ಟ್ ನಡೆಸುವವನು. ಅವನಿಗೆ ಮಾತ್ರ ಆ ಸದ್ದು ತನ್ನ ಪಕ್ಕೆಲುಬಿನೊಳಗೇ ಆದ ಹಾಗಿತ್ತು.

ಎಂಟು ಮಹಡಿಯ ಆ ಕಚೇರಿಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಏರಿಳಿಯಪ್ಪ. ಹತ್ತೊಂಬತ್ತು ವರ್ಷಗಳ ಹಿಂದೆ "ಎರಡು ವಾರದ ಮಟ್ಟಿಗೆ ಇಲ್ಲಿ ಕೂತಿರು" ಎಂದು ಅವನನ್ನು ಆ ಸ್ಟೂಲಿನ ಮೇಲೆ ಕೂರಿಸಿದವರು ನಿವೃತ್ತರಾಗಿ, ಅವರ ಜಾಗಕ್ಕೆ ಬಂದವರೂ ನಿವೃತ್ತರಾಗಿದ್ದರು. ಅವನು ಮಾತ್ರ ಏರುತ್ತಿದ್ದ, ಇಳಿಯುತ್ತಿದ್ದ. ಅವನಿಗೆ ಒಂದೇ ಒಂದು ಗುಟ್ಟಿತ್ತು. ಲಿಫ್ಟೆಂದರೆ ಅವನಿಗೆ ಪ್ರಾಣಭಯ. ಬಾಗಿಲು ಮುಚ್ಚಿದೊಡನೆ ಅಂಗೈ ಬೆವರುತ್ತಿತ್ತು, ಮೊಣಕಾಲು ತಂಬೂರಿಯಂತೆ ಮಿಡಿಯುತ್ತಿತ್ತು. ಯಾರಿಗೆ ಹೇಳುವುದು? ಲಿಫ್ಟಿನವನಿಗೆ ಲಿಫ್ಟಿನ ಭಯವೆಂದರೆ ಅಡುಗೆಯವನಿಗೆ ಒಲೆಯ ಭಯವಿದ್ದಂತೆ. ಕೇಳಿದವರು ನಗದೆ ಇರುತ್ತಾರೆಯೇ?

ಹೆಂಡತಿಗೆ ಮಾತ್ರ ಗೊತ್ತಿತ್ತು. ಹೆಂಡತಿಗೆ ಗೊತ್ತಾದದ್ದು ಅವಳ ಅಣ್ಣನಿಗೆ ಗೊತ್ತಾಗದೆ ಇರಲಿಲ್ಲ. ಈ ಭಾವ ನಿವೃತ್ತ ಮೇಷ್ಟ್ರು. ಶಾಸ್ತ್ರಗಳನ್ನೆಲ್ಲ ಅರೆದು ಕುಡಿದವರು. ಕುಡಿದದ್ದನ್ನು ಎದುರಿಗೆ ಕೂತವರಿಗೆಲ್ಲ ಕುಡಿಸುವವರು. ಅಂದು ಬೆಳಿಗ್ಗೆಯೇ ಮನೆಗೆ ಬಂದು ಪಾಠ ಮಾಡಿದ್ದರು.

"ನೋಡಪ್ಪ, ಭಯ ಎಲ್ಲಿಂದ ಬರತ್ತೆ? ಫಲದ ಚಿಂತೆಯಿಂದ. ಲಿಫ್ಟು ಬೀಳತ್ತೋ ಇಲ್ವೋ, ಅದು ನಿನಗೆ ಸೇರಿದ್ದಲ್ಲ. ಗುಂಡಿ ಒತ್ತೋದು ನಿನ್ನ ಕೆಲಸ. ಒತ್ತು, ಬಿಡು."

"ಬಿದ್ರೆ ಭಾವ?"

"ಬಿದ್ರೆ ದೇಹ ಬೀಳತ್ತೆ. ನೀನು ದೇಹ ಅಲ್ವಲ್ಲ!"

ಏರಿಳಿಯಪ್ಪ ಮೆಲ್ಲಗೆ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡಿದ್ದ. ತಾನಲ್ಲದ ಈ ವಸ್ತು ತನ್ನನ್ನು ಕೇಳದೆ ಇಷ್ಟೊಂದು ನಡುಗುವುದೇಕೆ ಎಂಬುದು ಅವನಿಗೆ ತಿಳಿಯಲಿಲ್ಲ.

'ಟಕ್' ಎಂದ ಮೇಲೆ ಅವನು ಸುಮ್ಮನಿರಲಾರದೆ ಹೆಡ್ ಕ್ಲರ್ಕ್ ಮೇಜಿನ ಮುಂದೆ ಹೋಗಿ ನಿಂತ. ಕಟ್ಟಡದ ದುರಸ್ತಿಯೆಲ್ಲ ಅವರ ಸುಪರ್ದಿಯಲ್ಲಿತ್ತು.

"ಸಾರ್, ಲಿಫ್ಟು ಟಕ್ ಅಂತು."

"ಅನ್ಲಿ ಬಿಡಯ್ಯ. ಇಷ್ಟು ವರ್ಷದಿಂದ ನಿನ್ ಜೊತೆ ಇದೆ, ಒಂದು ಮಾತೂ ಆಡ್ಬಾರ್ದಾ?"

"ಮೆಕ್ಯಾನಿಕ್‌ನ ಕರೆಸಿದ್ರೆ..."

"ನನ್ ಮಂಡಿನೂ ದಿನಾ ಟಕ್ ಅನ್ನತ್ತೆ. ನಾನೇನ್ ಬಿದ್ ಹೋಗಿದೀನಾ?"

ಪಕ್ಕದ ಮೇಜಿನಿಂದ ಟೈಪಿಂಗ್ ಅಕ್ಕ ಕುರ್ಚಿಯನ್ನೇ ಎಳೆದುಕೊಂಡು ಬಂದರು. ಕಚೇರಿಯ ಯಾವ ಸಂಕಟವೂ ಅವರ ಪಾಲಿಲ್ಲದೆ ನಡೆಯುತ್ತಿರಲಿಲ್ಲ.

"ಅಯ್ಯೋ, ಹಾಗನ್ಬೇಡಿ ಸಾರ್! ನಮ್ಮ ಚಿಕ್ಕಮ್ಮನ ಆಫೀಸಲ್ಲೂ ಹೀಗೇ ಟಕ್ ಅಂದು, ಮೂರನೇ ದಿನಕ್ಕೆ ಹಗ್ಗ ಕಡೀತಂತೆ!"

ಏರಿಳಿಯಪ್ಪ ಅಕ್ಕನ ಕಡೆ ತಿರುಗಿದ. "ಆಮೇಲೆ?"

"ಆಮೇಲೇನೋ ಗೊತ್ತಿಲ್ಲಪ್ಪ. ಚಿಕ್ಕಮ್ಮ ಅವತ್ತು ರಜದಲ್ಲಿದ್ರು."

ಹನ್ನೊಂದೂಕಾಲಿಗೆ ದೊಡ್ಡ ಸಾಹೇಬರು ಲಿಫ್ಟಿನೊಳಗೆ ಕಾಲಿಟ್ಟರು. ಅವರದು ಮಾತು ಕಡಿಮೆ. ಗಂಟಲು ಸರಿಮಾಡಿಕೊಂಡರೆ ಮೂರು ಮಹಡಿ ಎದ್ದು ನಿಲ್ಲುತ್ತಿತ್ತು. ಎಂಟನೇ ಮಹಡಿಯ ಅವರ ಕೋಣೆಯಲ್ಲಿ ಸಭೆ. ಹಿಂದೆಯೇ ಕಡತಗಳ ಕಟ್ಟು ಹಿಡಿದು ಹೆಡ್ ಕ್ಲರ್ಕ್, ನೋಟ್‌ಬುಕ್ ಹಿಡಿದು ಟೈಪಿಂಗ್ ಅಕ್ಕ.

ಬಾಗಿಲು ಮುಚ್ಚಿತು. ಎರಡು. ಮೂರು. ನಾಲ್ಕು.

ಟಕ್. ಕಿರ್ರ್ರ್. ಆಮೇಲೆ ಏನೂ ಇಲ್ಲ.

ದೀಪ ಆರಿತು, ಫ್ಯಾನು ನಿಂತಿತು. ಬಾಗಿಲಿನ ಸಂದಿಯಲ್ಲಿ, ತಲೆಗಿಂತ ಎತ್ತರದಲ್ಲಿ, ಐದನೇ ಮಹಡಿಯ ಬೆಳಕು ದಾರದಷ್ಟು ಕಾಣುತ್ತಿತ್ತು. ಕತ್ತಲಲ್ಲಿ ನಾಲ್ಕು ಜನರ ಉಸಿರುಗಳು ಒಂದನ್ನೊಂದು ತಳ್ಳಾಡಿದವು.

"ಏರಿಳಿಯಪ್ಪ! ಏನಾದ್ರೂ ಮಾಡೋ!" ಹೆಡ್ ಕ್ಲರ್ಕ್ ಕೂಗಿದರು.

ಏರಿಳಿಯಪ್ಪ ಏನೂ ಮಾಡಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಹತ್ತೊಂಬತ್ತು ವರ್ಷ ರಾತ್ರಿ ಕನಸಿನಲ್ಲಿ ಬರುತ್ತಿದ್ದದ್ದು ಹಗಲಿನಲ್ಲೇ ಬಂದು ಪಕ್ಕದಲ್ಲಿ ನಿಂತಿತ್ತು. ಕಣ್ಣು ಮುಚ್ಚಿ ಭಾವನ ಪಾಠ ನೆನಪಿಸಿಕೊಂಡ. ನಾನು ದೇಹವಲ್ಲ. ಸರಿ, ಒಪ್ಪಿದೆ. ಆದರೆ ನಾನಲ್ಲದ ಈ ದೇಹ, ಸಾಹೇಬರಲ್ಲದ ಆ ದೇಹ, ಇನ್ನು ಹೆಡ್ ಕ್ಲರ್ಕ್ ಅಲ್ಲದ ಆ ಭಾರೀ ದೇಹ, ಎಲ್ಲ ಸೇರಿ ತೂಕವೆಷ್ಟಾಯಿತು? ಜಗತ್ತೆಲ್ಲ ಮಾಯೆ ಎಂದೂ ಭಾವ ಆಗಾಗ ಹೇಳುತ್ತಿದ್ದರು. ಲಿಫ್ಟು ಮಾಯೆ, ಕತ್ತಲು ಮಾಯೆ, ಹಗ್ಗವೂ ಮಾಯೆ. ಹಗ್ಗವೂ ಮಾಯೆಯೇ? ಹಾಗಾದರೆ ತನ್ನನ್ನು ಮೇಲಿಂದ ಹಿಡಿದಿರುವುದು ಯಾವುದು? ಏರಿಳಿಯಪ್ಪ ಆ ತತ್ತ್ವವನ್ನು ಸುಡುವ ಕೆಂಡದಂತೆ ಕೈಬಿಟ್ಟ.

ಉಳಿದದ್ದು ಒಂದೇ. ಗುಂಡಿ ಒತ್ತೋದು ನಿನ್ನ ಕೆಲಸ.

ತಡಕಾಡಿ ಅಪಾಯದ ಗಂಟೆಯ ಗುಂಡಿ ಹುಡುಕಿ ಒತ್ತಿದ. ಟ್ರಿಣ್. ಹತ್ತು ಎಣಿಸಿದ. ಮತ್ತೆ ಒತ್ತಿದ. ಯಾರಾದರೂ ಕೇಳಿಸಿಕೊಳ್ಳುತ್ತಾರೋ ಇಲ್ಲವೋ, ಅದು ತನಗೆ ಸೇರಿದ್ದಲ್ಲ. ಹತ್ತು ಎಣಿಸುವುದು, ಒತ್ತುವುದು. ಇಪ್ಪತ್ತನೇ ಸಲವೋ ಮೂವತ್ತನೇ ಸಲವೋ ಇರಬೇಕು, ಅವನಿಗೆ ವಿಚಿತ್ರವೊಂದು ಗೊತ್ತಾಯಿತು: ಎಣಿಸುವಷ್ಟು ಹೊತ್ತು ಭಯಕ್ಕೆ ಕೂರಲು ಜಾಗವಿರಲಿಲ್ಲ. ಅದು ಬಾಗಿಲ ಬಳಿ ಬರುತ್ತಿತ್ತು, ಒಳಗೆ ಕೆಲಸ ನಡೆಯುತ್ತಿರುವುದನ್ನು ನೋಡಿ ನಿಲ್ಲುತ್ತಿತ್ತು.

ಅಷ್ಟರಲ್ಲಿ ಲಿಫ್ಟು ಒಂದು ಗೇಣು ಕೆಳಗೆ ಜಾರಿತು.

"ಅಮ್ಮಾ!" ಟೈಪಿಂಗ್ ಅಕ್ಕನ ಕಿರುಚಾಟಕ್ಕೆ ಲಿಫ್ಟಿನ ತಗಡೂ ಕಂಪಿಸಿತು. ಹೆಡ್ ಕ್ಲರ್ಕ್ ಕಡತಗಳ ಮೇಲೇ ಕುಸಿದು ಕೂತರು.

"ಸಾರ್, ಸಾಯೋ ಮುಂಚೆ ಹೇಳ್ಬಿಡ್ತೀನಿ ಸಾರ್! ನಮ್ಮಜ್ಜಿ ತೀರ್ಕೊಂಡ್ರು ಅಂತ ಮೂರು ಸಲ ರಜ ಹಾಕಿದೀನಿ. ಅಜ್ಜಿ ಗಟ್ಟಿಮುಟ್ಟಾಗಿದಾರೆ ಸಾರ್!"

ಸಾಹೇಬರ ಕೈ ಕತ್ತಲಲ್ಲಿ ತಡವರಿಸಿ ಏರಿಳಿಯಪ್ಪನ ತೋಳನ್ನು ಹಿಡಿಯಿತು.

"ನಿಮಗೆ ಹೆದರಿಕೆ ಆಗ್ತಿಲ್ವೇನ್ರೀ?" ಅವರ ಧ್ವನಿ ಶಾಲೆಯ ಮೊದಲ ದಿನ ತಾಯಿಯ ಸೆರಗು ಹಿಡಿದವರ ಧ್ವನಿಯಂತಿತ್ತು.

ಏರಿಳಿಯಪ್ಪ ಏಳರವರೆಗೆ ಎಣಿಸಿದ್ದ. ಎಂಟು, ಒಂಬತ್ತು, ಹತ್ತು. ಟ್ರಿಣ್. ಆಮೇಲೆ ಹೇಳಿದ: "ಗಂಟೆ ಒತ್ತೋದು ನನ್ ಕೆಲಸ ಸಾರ್. ಮಿಕ್ಕಿದ್ದು ನಂದಲ್ಲ. ನೀವೂ ಎಣಿಸಿ."

ಸಾಹೇಬರು ಎಣಿಸಿದರು. ಅಕ್ಕ ಬಿಕ್ಕುತ್ತ ಎಣಿಸಿದರು. ಹೆಡ್ ಕ್ಲರ್ಕ್ ನಾಲ್ಕನ್ನು ಎರಡು ಸಲ ಹೇಳಿದರೂ ಎಣಿಸಿದರು. ಐವತ್ತು ನಿಮಿಷದ ಮೇಲೆ ಮೆಕ್ಯಾನಿಕ್ ಬಂದು ಬಾಗಿಲು ಮೀಟಿದಾಗ ನಾಲ್ವರೂ ಒಂದೇ ರಾಗದಲ್ಲಿ "ಆರು, ಏಳು" ಎನ್ನುತ್ತಿದ್ದರು. ಹೊರಗೆ ನಿಂತಿದ್ದವರು ಪ್ರಾರ್ಥನೆಯೆಂದುಕೊಂಡು ಕೈ ಮುಗಿದರು.

ನೆಲ ಮುಟ್ಟಿದ ಮೇಲೆ ಏರಿಳಿಯಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ಬಾಕಿ ಉಳಿದಿದ್ದ ನಡುಕವೆಲ್ಲ ಒಟ್ಟಿಗೆ ಬಂದಿತು. ಆದರೆ ಅದನ್ನು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ಎಲ್ಲರೂ ಟೈಪಿಂಗ್ ಅಕ್ಕನ ಸುತ್ತ ಇದ್ದರು. ಕತೆ ಮಹಡಿ ಮಹಡಿ ಇಳಿಯುತ್ತ ಬೆಳೆಯಿತು. ನಾಲ್ಕನೇ ಮಹಡಿಯಲ್ಲಿ ಏರಿಳಿಯಪ್ಪ ಶಾಂತವಾಗಿದ್ದ. ಎರಡನೆಯದರಲ್ಲಿ ಮುಗುಳ್ನಗುತ್ತಿದ್ದ. ಕೆಳಗಿನ ಬಾಗಿಲಿಗೆ ತಲುಪುವ ಹೊತ್ತಿಗೆ ಕತ್ತಲಲ್ಲಿ ಅವನ ಮುಖದ ಬೆಳಕಿನಿಂದಲೇ ಉಳಿದವರಿಗೆ ದಾರಿ ಕಂಡಿತ್ತು.

ಮೂರು ಗಂಟೆಗೆ ಸಾಹೇಬರಿಂದ ಕರೆ ಬಂತು. ಏರಿಳಿಯಪ್ಪ ಎಂಟೂ ಮಹಡಿಯನ್ನು ಮೆಟ್ಟಿಲು ಹತ್ತಿಯೇ ಹೋದ. ಸಾಹೇಬರು ಎದ್ದು ನಿಂತು ಕುರ್ಚಿ ತೋರಿಸಿದರು. ಕೈಯಲ್ಲೊಂದು ಕಾಗದವಿತ್ತು.

"ಹೋದ ವಾರ ನಿಮ್ಮ ಹೆಂಡತಿ ಬಂದಿದ್ರು. ನಿಮಗೆ ಹೇಳ್ಬೇಡಿ ಅಂದಿದ್ರು. 'ನಮ್ಮ ಯಜಮಾನರಿಗೆ ಲಿಫ್ಟು ಅಂದ್ರೆ ಭಯ, ರಾತ್ರಿ ನಿದ್ದೆಯಲ್ಲೂ ಬೆಚ್ಚಿ ಬೀಳ್ತಾರೆ, ಕೆಳಗೆ ವಿಚಾರಣೆ ಮೇಜಿಗೆ ಹಾಕಿ' ಅಂತ ಅತ್ತರು. ನನಗೂ ಅಯ್ಯೋ ಅನ್ನಿಸ್ತು. ಇವತ್ತು ಬೆಳಿಗ್ಗೆ ಆರ್ಡರ್‌ಗೆ ಸಹಿ ಹಾಕಿ ಜೇಬಲ್ಲಿಟ್ಕೊಂಡು, ಸಭೆ ಮುಗಿಸಿ ಕೊಡೋಣ ಅಂತ ಲಿಫ್ಟು ಹತ್ತಿದೆ."

ಏರಿಳಿಯಪ್ಪನ ಕಣ್ಣು ತುಂಬಿತು. ವಿಚಾರಣೆ ಮೇಜು! ನೆಲದ ಮೇಲೆ ಅಲುಗಾಡದೆ ನಿಂತ ನಾಲ್ಕು ಕಾಲಿನ ಮೇಜು!

"ಪುಣ್ಯಕ್ಕೆ ನಾನೇ ಕಣ್ಣಾರೆ ನೋಡಿದೆ," ಎನ್ನುತ್ತ ಸಾಹೇಬರು ಕಾಗದವನ್ನು ಎರಡಾಗಿ, ಆಮೇಲೆ ನಾಲ್ಕಾಗಿ ಹರಿದರು. "ಹೆಂಗಸರು ಸುಮ್ನೆ ಗಾಬರಿ ಆಗ್ತಾರೆ. ನಿಮ್ಮಂಥ ಸ್ಥಿತಪ್ರಜ್ಞರನ್ನ ಮೇಜಿನ ಹಿಂದೆ ಕೂರಿಸೋದು ಪಾಪ. ಮುಂದಿನ ವಾರ ನಾವೆಲ್ಲ ಹೊಸ ಕಟ್ಟಡಕ್ಕೆ ಹೋಗ್ತಿದೀವಿ. ಇಪ್ಪತ್ತೆರಡು ಮಹಡಿ, ಗಾಜಿನ ಲಿಫ್ಟು. ನೀವಿಲ್ಲದೆ ನಾನು ಅದರೊಳಗೆ ಕಾಲಿಡಲ್ಲ."

ಏರಿಳಿಯಪ್ಪ ಬಾಯಿ ತೆರೆದ. ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿತ್ತು. ಒತ್ತೋಣವೆಂದರೆ ಮೇಜಿನ ಮೇಲಿದ್ದ ಗಂಟೆ ಸಾಹೇಬರದು.

"ನೋಡಿ, ಈಗಲೂ ಒಂದು ಮಾತಿಲ್ಲ!" ಸಾಹೇಬರು ಭಕ್ತಿಯಿಂದ ತಲೆದೂಗಿದರು.

ಸಂಜೆ ಮನೆ ಬಾಗಿಲಲ್ಲಿ ಹೆಂಡತಿ ಕಾಯುತ್ತಿದ್ದಳು. ಮುಖದಲ್ಲಿ ಮುಚ್ಚಿಟ್ಟರೂ ಮುಚ್ಚದ ನಗೆ.

"ಸಾಹೇಬ್ರು ಕರೆದಿದ್ರಾ? ಅಂತೂ ಕೆಳಗಿಳಿದ್ರಾ?"

ಏರಿಳಿಯಪ್ಪ ಚಪ್ಪಲಿ ಬಿಟ್ಟು, ಗೋಡೆ ಹಿಡಿದು ನೆಲದ ಮೇಲೆ ಮೆಲ್ಲಗೆ ಕೂತ.

"ಎಲ್ಲಿ ಇಳಿದೆ ಕಣೇ," ಎಂದ. "ಇನ್ನೂ ಹದಿನಾಲ್ಕು ಮಹಡಿ ಮೇಲೇರಿದೆ."