ಭೋಜನಸಹಿತ ವೃತ್ತಿವಿಕಾಸ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ಕರಾವಳಿ ಬಂಧು ಧರ್ಮಾರ್ಥ ಆಸ್ಪತ್ರೆಯ ಶಸ್ತ್ರಚಿಕಿತ್ಸಕರಾದ ಡಾ. ದೇವದಾಸ್ ಅವರು ಈವರೆಗೆ ಯಾವುದೇ ವಿಕಾಸ ಹೊಂದಿಲ್ಲವೆಂದು ಆಡಳಿತ ಮಂಡಳಿ ಸರ್ವಾನುಮತದಿಂದ ಕಂಡುಕೊಂಡಿತು. ಅವರು ವರ್ಷಗಟ್ಟಲೆ ಹರ್ನಿಯಾ, ಅಪೆಂಡಿಕ್ಸ್ ಕೊಯ್ದು ಹೊಲಿದು ಜನರನ್ನು ಅವರ ಕಾಲ ಮೇಲೇ ನಡೆಸಿ ಮನೆಗೆ ಕಳಿಸಿದ್ದು ನಿಜ. ಆದರೆ ಅದು ಕೆಲಸ. ಕೆಲಸ ಬೇರೆ, ವಿಕಾಸ ಬೇರೆ ಎಂದು ಮಂಡಳಿಗೆ ತಿಳಿಸಿಕೊಟ್ಟವರು ಹೊಸ ಗೌರವ ಕಾರ್ಯದರ್ಶಿ ಜಾನಕಿ. ಬೆಂಗಳೂರಿನವರಾದ ಇವರು ಮಹಾಪೆಯ ಒಂದು ಕಂಪನಿಯಲ್ಲಿ ಹಣಕಾಸು ನೋಡಿಕೊಳ್ಳುತ್ತಾರೆ. ಅಲ್ಲಿ ಎಲ್ಲರೂ ವರ್ಷಕ್ಕೊಮ್ಮೆ ತಪ್ಪದೆ ವಿಕಾಸ ಹೊಂದುತ್ತಾರಂತೆ.

ಅದರಂತೆ ನಿಯಮ ಹೊರಟಿತು. ಪ್ರತಿಯೊಬ್ಬ ವೈದ್ಯರೂ ವಾರ್ಷಿಕ ವೃತ್ತಿವಿಕಾಸ ಯೋಜನೆ ಸಲ್ಲಿಸತಕ್ಕದ್ದು. ನಿಗದಿತ ಅಂಕ ಗಳಿಸದವರು ಮರುವರ್ಷ ಆಪರೇಷನ್ ಥಿಯೇಟರಿನೊಳಗೆ ಕಾಲಿಡತಕ್ಕದ್ದಲ್ಲ.

ಡಾಕ್ಟರಿಗೆ ಇದರಿಂದ ಸಂತೋಷವೇ ಆಯಿತು. ಹೋಟೆಲ್‌ಗಳಲ್ಲಿ ದೊಡ್ಡ ಪಾತ್ರೆ ಎತ್ತಿ ಎತ್ತಿ ಹರ್ನಿಯಾ ತಂದುಕೊಂಡವರೇ ಅವರ ರೋಗಿಗಳು. ಹೊಟ್ಟೆ ಕೊಯ್ದರೆ ಆ ಜನ ಬಹಳ ಕಾಲ ಭಾರ ಎತ್ತುವಂತಿಲ್ಲ. ಎತ್ತದವರಿಗೆ ಕೆಲಸ ಉಳಿಯುವುದಿಲ್ಲ. ಸಣ್ಣ ತೂತಿನಿಂದ ಮಾಡುವ, ಇಲ್ಲಿಯವರು 'ದುರ್ಬೀನ್ ಆಪರೇಷನ್' ಎನ್ನುವ ವಿದ್ಯೆ ಕಲಿಯಬೇಕೆಂದು ಅವರಿಗೆ ಬಹಳ ದಿನಗಳ ಆಸೆ. ಉಲ್ಹಾಸನಗರದ ಒಂದು ಹೋಟೆಲಿನಲ್ಲಿ ರುಬ್ಬುವ ಕೆಲಸದ ಹಣಮಂತ್ರಾಯನಿಗೆ ಮಾತೂ ಕೊಟ್ಟಿದ್ದರು: "ಸ್ವಲ್ಪ ತಡ್ಕೋ. ಕಲಿತು ಬಂದು ನಿಂಗೇ ಮೊದಲು ಮಾಡ್ತೇನೆ."

"ಆತ್ರಿ ಸಾಹೇಬ್ರ. ಬೆಲ್ಟ್ ಕಟ್ಕೊಂಡ ಇರ್ತೀನ್ರಿ" ಎಂದಿದ್ದ ಹಣಮಂತ್ರಾಯ.

ಡಾಕ್ಟರು ಯೋಜನೆ ಸಲ್ಲಿಸಿದರು. ಪ್ರತಿ ಗುರುವಾರ ವಾಶಿಯ ದೊಡ್ಡ ಆಸ್ಪತ್ರೆಗೆ ಹೋಗಿ, ತಮಗಿಂತ ಕಿರಿಯರಾದ ಡಾ. ಅಪೇಕ್ಷಾ ಅವರ ಪಕ್ಕದಲ್ಲಿ ನಿಂತು ದುರ್ಬೀನ್ ವಿದ್ಯೆ ಕಲಿಯುವುದು. ಮಂಡಳಿಯ ಅಧ್ಯಕ್ಷರು ಠಾಣೆಯಲ್ಲಿ ಮೂರು ಹೋಟೆಲ್ ನಡೆಸುವ ವಸಂತಕುಮಾರರು. ಅವರು ಅದನ್ನು ಎರಡು ಸಲ ಓದಿ ಒಂದೇ ಪ್ರಶ್ನೆ ಕೇಳಿದರು.

"ಅಲ್ಲಿ ಊಟ ಉಂಟಾ ಡಾಕ್ಟ್ರೆ?"

"ಆಪರೇಷನ್ ಥಿಯೇಟರಲ್ಲಿ ಎಂಥ ಊಟ?"

"ಹಾಗಾದ್ರೆ ನೀವು ಹೋಗಿದ್ದಕ್ಕೆ ಸಾಕ್ಷಿ ಎಂಥದ್ದು?"

ಹೋಟೆಲ್ ನಡೆಸಿದವರಿಗೆ ಮಾತ್ರ ಹೊಳೆಯುವ ಸತ್ಯವೊಂದನ್ನು ಅಧ್ಯಕ್ಷರು ಸಭೆಯ ಮುಂದಿಟ್ಟರು. ಒಬ್ಬನ ಸಹಿ ಇನ್ನೊಬ್ಬ ಹಾಕಬಹುದು, ಒಬ್ಬನ ಊಟ ಇನ್ನೊಬ್ಬ ಮಾಡಲಾರ. ಎಷ್ಟು ಜನ ಬಂದಿದ್ದರೆಂದು ಎಂಜಲು ತಟ್ಟೆ ಹೇಳುತ್ತದೆ, ಸುಳ್ಳು ಹೇಳುವುದಿಲ್ಲ. ಜಾನಕಿಯವರು ತಲೆದೂಗಿದರು: "ಸೂಪರ್ ಸರ್. ಆಡಿಟ್‌ಗೆ ಇದಕ್ಕಿಂತ ಒಳ್ಳೇ ಪ್ರೂಫ್ ಸಿಗಲ್ಲ." ಖಾಲಿಯಾದ ಒಂದು ತಟ್ಟೆಗೆ ಎರಡು ಅಂಕವೆಂದು ತೀರ್ಮಾನವಾಯಿತು. ಎರಡನೇ ಸಲ ಬಡಿಸಿಕೊಂಡರೆ ಅದನ್ನು ಪುನರಭ್ಯಾಸವೆಂದು ಪರಿಗಣಿಸಲಾಗುವುದು, ಹೆಚ್ಚುವರಿ ಅಂಕವಿಲ್ಲ. ವಾಶಿಯ ಯೋಜನೆ ಭೋಜನಾಭಾವದ ಕಾರಣ ತಿರಸ್ಕೃತವಾಯಿತು.

ಬದಲಿಗೆ ಆಸ್ಪತ್ರೆಯ ಮೇಲ್ಮಹಡಿಯಲ್ಲೇ 'ಹರ್ನಿಯಾ: ಇಂದು ಮತ್ತು ನಾಳೆ' ಎಂಬ ವಿಚಾರಸಂಕಿರಣ ಏರ್ಪಟ್ಟಿತು. ಪ್ರಾರ್ಥನೆ, ದೀಪ, ಸ್ವಾಗತ, ದಾನಿಗಳಿಗೆ ಶಾಲು, ದಾನಿಗಳ ಮನೆಯವರಿಗೆ ಶಾಲು ಇವೆಲ್ಲ ಮುಗಿದ ಮೇಲೆ ಉಳಿದ ಸ್ವಲ್ಪ ಹೊತ್ತಿನಲ್ಲಿ ದೇವದಾಸರು ಉಪನ್ಯಾಸ ಮಾಡಿದರು. 'ಹರ್ನಿಯಾ ಇದ್ದವರು ಭಾರ ಎತ್ತಬಾರದು' ಎಂಬಲ್ಲಿಗೆ ಅವರು ಬಂದಾಗ ಹಿಂದಿನಿಂದ "ಅಯ್ಯೋ" ಎಂಬ ಕೂಗು ಕೇಳಿತು. ಬಡಿಸುವವರ ಕೆಲಸ ಸರಿಬಾರದೆ ಅಧ್ಯಕ್ಷರು ಪಾಯಸದ ಪಾತ್ರೆಯನ್ನು ತಾವೇ ಎತ್ತಿದ್ದರು. ಯಾರಿಗೂ ಹೇಳದೆ ಸಾಕಿಕೊಂಡಿದ್ದ ಅವರ ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡಿತ್ತು. ಡಾಕ್ಟರು ಮೈಕು ಬಿಟ್ಟು ಓಡಿದರು. ಕೆಳಗಿನ ಥಿಯೇಟರಿನಲ್ಲಿ ಕರುಳು ಬಿಡಿಸಿ ಅಧ್ಯಕ್ಷರ ಜೀವ ಉಳಿಸಿದರು. ಮೇಲ್ಮಹಡಿಯಲ್ಲಿ ಉಳಿದವರೆಲ್ಲ ಊಟ ಮಾಡಿ ವಿಕಾಸ ಹೊಂದಿದರು. ಕ್ಯಾಲೆಂಡರ್ ಕೊಡಲು ಬಂದಿದ್ದ ಔಷಧ ಕಂಪನಿಯ ಪ್ರತಿನಿಧಿ ಸೂರಜ್‌ಗೂ ಎರಡು ಅಂಕ ಸಿಕ್ಕಿತು. ಉಪನ್ಯಾಸಕರ ತಟ್ಟೆ ಖಾಲಿಯಾಗದ ಕಾರಣ ಅವರಿಗೆ ಸೊನ್ನೆ.

"ನನ್ನ ಜೀವ ಉಳಿಸಿದ್ದು ನೀವು" ಎಂದು ಅಧ್ಯಕ್ಷರು ಮಂಚದ ಮೇಲಿಂದಲೇ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. "ಆದ್ರೆ ಊಟ ಮಾಡ್ಲಿಲ್ಲ ಅಲ್ವಾ ಮಾರಾಯ್ರೆ!"

ಜಾನಕಿಯವರು ನಿಯಮ ಸಡಿಲಿಸಲು ಒಪ್ಪಲಿಲ್ಲ. "ಒಂದು ಎಕ್ಸೆಪ್ಶನ್ ಕೊಟ್ರೆ ನಾಳೆ ಎಲ್ರೂ ಆಪರೇಷನ್ ಮಾಡ್ಕೊಂಡು ಕೂತ್ಬಿಡ್ತಾರೆ ಸರ್."

ಆದರೆ ಅಧ್ಯಕ್ಷರು ಉಪಕಾರ ಮರೆಯುವವರಲ್ಲ. "ವಾಶಿಗೆ ಊಟ ನಾನೇ ಕಳಿಸ್ತೇನೆ" ಎಂದು ಅಪ್ಪಣೆ ಕೊಟ್ಟರು. ಡಾಕ್ಟರು ಅಂದೇ ವಾಶಿಗೆ ಫೋನ್ ಮಾಡಿದರು. ಅಂತೂ ಕಲಿಯುವ ದಾರಿ ತೆರೆಯಿತಲ್ಲ.

ಪ್ರತಿ ಗುರುವಾರ ಹನ್ನೆರಡೂವರೆಗೆ ಅಧ್ಯಕ್ಷರ ಹೋಟೆಲಿನಿಂದ ವಾಶಿಗೆ ಊಟ ಬರುತ್ತಿತ್ತು. ತಂದವರು ಖಾಲಿ ತಟ್ಟೆ ಹಿಡಿದುಕೊಂಡೇ ವಾಪಸು ಹೋಗಬೇಕು. ಹೋಟೆಲಿನ ಮಧ್ಯಾಹ್ನದ ಗದ್ದಲಕ್ಕೆ ಅವರು ಅಲ್ಲಿರಲೇಬೇಕು. ಒಳಗೆ ಅದೇ ಹೊತ್ತಿಗೆ ಡಾ. ಅಪೇಕ್ಷಾ ಹರ್ನಿಯಾದ ಬಾಯಿಗೆ ಮೆಶ್ ಎಂಬ ಬಲೆ ಹಾಸುವ ಘಟ್ಟಕ್ಕೆ ಬಂದಿರುತ್ತಿದ್ದರು. ಇಡೀ ವಿದ್ಯೆ ಇರುವುದೇ ಅಲ್ಲಿ.

"ಹೋಗ್ಬನ್ನಿ ಸಾರ್, ಮೀನು ಗಸಿ ತಣ್ಣಗಾಗತ್ತೆ" ಎನ್ನುತ್ತಿದ್ದರು ಡಾ. ಅಪೇಕ್ಷಾ.

ಡಾಕ್ಟರು ಗಬಗಬನೆ ಉಂಡು, ಕೈತೊಳೆದು, ಮತ್ತೆ ಗೌನು ತೊಟ್ಟು ಬರುವಷ್ಟರಲ್ಲಿ ಹೊಲಿಗೆ ನಡೆಯುತ್ತಿರುತ್ತಿತ್ತು. ಮಳೆಗಾಲ ಹೋಯಿತು, ಗಣಪತಿ, ದೀಪಾವಳಿ ಹೋದವು. ದುರ್ಬೀನ್ ಆಪರೇಷನ್ನಿನ ಆರಂಭವೂ ಮುಕ್ತಾಯವೂ ಡಾಕ್ಟರಿಗೆ ಕಂಠಪಾಠವಾದವು. ನಡುವಿನದನ್ನು ಅವರು ನೋಡಲೇ ಇಲ್ಲ.

ವರ್ಷಾಂತ್ಯದಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ವೈದ್ಯರೆಂದು ಅವರಿಗೆ ಪ್ರಮಾಣಪತ್ರ ಕೊಡಲಾಯಿತು. ಅಧ್ಯಕ್ಷರ ಇನ್ನೊಂದು ಬದಿಯಲ್ಲೂ ಹರ್ನಿಯಾ ಕಾಣಿಸಿಕೊಂಡಿತ್ತು; ಅದನ್ನು ಅವರು ವಾಶಿಯಲ್ಲಿ ಮಾಡಿಸಿಕೊಂಡರು. "ನಮ್ಮ ಡಾಕ್ಟ್ರು ಈಗ ತುಂಬಾ ವಿಕಾಸ ಆಗಿದ್ದಾರೆ. ಸಣ್ಣಪುಟ್ಟದ್ದಕ್ಕೆಲ್ಲ ಅವರಿಗೆ ತೊಂದ್ರೆ ಕೊಡ್ಬಾರ್ದು" ಎಂದರು. ವಾರದೊಳಗೆ ಗಲ್ಲಾದಲ್ಲಿ ಕೂತಿದ್ದರು.

ಹಣಮಂತ್ರಾಯನೂ ಬಂದ. ದೇವದಾಸರು ಅವನ ಮುಖ ನೋಡಲಾಗದೆ, "ಕೊಯ್ದೇ ಮಾಡಬೇಕಾಗ್ತದೆ" ಎಂದರು. ಅವರಿಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಹಣಮಂತ್ರಾಯ ಗೋಡೆಯ ಪ್ರಮಾಣಪತ್ರವನ್ನು ನೋಡಿ ಕೈಮುಗಿದ. "ಇರ್ಲಿ ಬಿಡ್ರಿ. ಇಷ್ಟ ದೊಡ್ಡ ಕಾಗದ ಇದ್ದವ್ರು ಕೊಯ್ಯಾಕತ್ತೀರಿ, ನಂದ ನಸೀಬ!" ಆಪರೇಷನ್ ಚೆನ್ನಾಗಿಯೇ ಆಯಿತು. ಅವನು ಭಾರ ಎತ್ತುವ ಹಾಗಾಗುವ ಮೊದಲೇ ಅವನ ಜಾಗಕ್ಕೆ ಬೇರೊಬ್ಬ ಬಂದಿದ್ದ.

ಹೊಸ ವರ್ಷದ ಯೋಜನೆಯಲ್ಲಿ ಡಾಕ್ಟರು ಒಂದೇ ಸಾಲು ಬರೆದಿದ್ದರು: ವಾಶಿಯ ಊಟವನ್ನು ಎರಡೂವರೆಗೆ ಕಳಿಸಬೇಕು. ಮಂಡಳಿ ಅದನ್ನು ಗಂಭೀರವಾಗಿ ಪರಿಶೀಲಿಸಿತು. ಎರಡೂವರೆಗೆ ಅನ್ನ ಬಿಸಿ ಇರುವುದಿಲ್ಲ, ಗುಣಮಟ್ಟದಲ್ಲಿ ರಾಜಿ ಸಾಧ್ಯವಿಲ್ಲ ಎಂದು ಅಧ್ಯಕ್ಷರು ವಿವರಿಸಿ, ಒಪ್ಪಿದವರು ಕೈ ಎತ್ತಬೇಕೆಂದರು. ಎಲ್ಲರೂ ಎತ್ತಿದರು. ದೇವದಾಸರೂ ಎತ್ತಿದರು, ಅಷ್ಟರಲ್ಲಿ ಅವರಿಗೂ ಹನ್ನೆರಡೂವರೆಗೆ ಸರಿಯಾಗಿ ಹಸಿವಾಗತೊಡಗಿತ್ತು.